ಕನ್ನಡದಲ್ಲಿ ಮಾತಾಡುವ ಬಾಟ್: ಮುಂಬೈ, ಪುಣೆಯ ಕನ್ನಡಿಗರು ಯಾವ ದಾರಿ ಹಿಡಿಯಬೇಕು?

"ಕನ್ನಡದಲ್ಲಿ ಮಾತಾಡುವ ಒಂದು ಬಾಟ್ ಮಾಡಿಸೋಣ, ಯಾವುದು ಒಳ್ಳೆಯದು ಹೇಳಿ." ಮುಂಬೈ, ಪುಣೆಯ ಕನ್ನಡಿಗರ ನಡುವೆ ಈಗ ಈ ಮಾತು ಆಗಾಗ ಬರುತ್ತದೆ. ಬಾಟ್ ಅಂದರೆ ಫೋನಿನಲ್ಲೋ ಬರಹದಲ್ಲೋ ಜನರ ಜೊತೆ ಸಂಭಾಷಣೆ ನಡೆಸುವ ಕಂಪ್ಯೂಟರ್ ಪ್ರೋಗ್ರಾಂ. ಕೇಳುವವರು ಒಂದೇ ಥರದವರಲ್ಲ. ಸಂಘದ ಕಾರ್ಯದರ್ಶಿಗೆ ಹಾಲ್ ಬುಕಿಂಗ್ ಫೋನುಗಳ ಹೊರೆ ಇಳಿಯಬೇಕು. ಡೊಂಬಿವಲಿಯ ತಾಯಿಗೆ ಮಗಳು ಅಜ್ಜಿಯ ಜೊತೆ ನಾಲ್ಕು ಮಾತು ಕನ್ನಡದಲ್ಲಿ ಆಡಿದರೆ ಸಾಕು. ಕಲೀನಾದ ಮುಂಬೈ ವಿಶ್ವವಿದ್ಯಾಲಯದಲ್ಲೋ ಪುಣೆಯ ಡೆಕ್ಕನ್ ಕಾಲೇಜಿನಲ್ಲೋ ಓದುವ ವಿದ್ಯಾರ್ಥಿಗೆ ಸಂಶೋಧನೆಗೊಂದು ವಿಷಯ ಬೇಕು. ಇನ್ನು ಕೆಲವರಿಗೆ ಫ್ಲ್ಯಾಟಿನಲ್ಲಿ ದಿನವಿಡೀ ಒಬ್ಬರೇ ಕೂರುವ ಅಪ್ಪನ ಚಿಂತೆ.

ಈ ನಾಲ್ವರಿಗೂ ಒಂದೇ ಉತ್ತರ ಇಲ್ಲ. ಆದರೆ ನಾಲ್ವರೂ ಒಂದೇ ಪ್ರಶ್ನೆಯಿಂದ ಶುರು ಮಾಡಬಹುದು. ಎದುರಿನವರ ಮಾತು ಅರ್ಥ ಆಗದಿದ್ದಾಗ ಈ ವ್ಯವಸ್ಥೆ ಏನು ಮಾಡುತ್ತದೆ? ಹೊಸದು ಯಾವುದು, ಅಗ್ಗ ಯಾವುದು, ಯಾರು ಚೆಂದಾಗಿ ಮಾತಾಡುತ್ತಾರೆ ಅನ್ನೋದೆಲ್ಲ ಆಮೇಲಿನ ಮಾತು. ನಾನು ಪುಣೆಯಲ್ಲಿ ಇದೇ ಕೆಲಸದಲ್ಲಿದ್ದೇನೆ. ಎಲ್ಲ ವಿಧಾನಗಳನ್ನೂ ಈ ಒಂದು ಪ್ರಶ್ನೆ ಹಿಡಿದೇ ಅಳೆಯುತ್ತೇನೆ.

"ಆಂ?" ಅನ್ನಲು ಬರುತ್ತದೆಯೇ?

ಮಾತುಕತೆ ಅಂದರೆ ತಡೆಯಿಲ್ಲದೆ ಸಾಗುವುದು ಅಂತ ನಮಗೆ ಅನಿಸುತ್ತದೆ. ನಿಜವಾದ ಮಾತನ್ನು ರೆಕಾರ್ಡ್ ಮಾಡಿ ಕೇಳಿದರೆ ಹಾಗಿರುವುದಿಲ್ಲ. ಭಾಷಾಶಾಸ್ತ್ರಜ್ಞ ಮಾರ್ಕ್ ಡಿಂಗೆಮನ್ಸೆ ಮತ್ತು ಜೊತೆಗಾರರು 12 ಭಾಷೆಗಳ ಸಹಜ ಮಾತುಕತೆಗಳನ್ನು ಪರಿಶೀಲಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರಾಸರಿ 1.4 ನಿಮಿಷಕ್ಕೊಮ್ಮೆ ಯಾರಾದರೊಬ್ಬರು ಮಾತು ತಡೆದು "ಏನಂದ್ರಿ?" ಅನ್ನುವಂಥದ್ದು ಏನಾದರೂ ಕೇಳುತ್ತಿದ್ದರು. ಅಂದರೆ ಅರ್ಥ ಆಗದಿರುವುದು ಅಪರೂಪದ ಅಪಘಾತ ಅಲ್ಲ. ಅದು ಮಾತಿನ ದಿನನಿತ್ಯದ ಭಾಗ.

ಹೀಗೆ ಕೇಳುವುದರಲ್ಲೂ ಮೂರು ಬಗೆ ಇದೆ. ಏನೂ ಕೇಳಿಸದಿದ್ದರೆ "ಆಂ?" ಅನ್ನುತ್ತೇವೆ. ಅರ್ಧ ಕೇಳಿಸಿದ್ದರೆ "ಯಾರು ಬರ್ತಾರೆ ಅಂದ್ರಿ?" ಅಂತ ಕಳೆದುಹೋದ ತುಂಡನ್ನು ಮಾತ್ರ ಕೇಳುತ್ತೇವೆ. ಬಹುಪಾಲು ಗೊತ್ತಾಗಿ ಸ್ವಲ್ಪ ಅನುಮಾನ ಉಳಿದಿದ್ದರೆ "ನಾಡಿದ್ದು ಅಂದ್ರೆ ಶನಿವಾರ ತಾನೇ?" ಅಂತ ನಾವೇ ಉತ್ತರ ಮುಂದಿಟ್ಟು ಹೌದು ಅನ್ನಿಸಿಕೊಳ್ಳುತ್ತೇವೆ. ಜನ ತಮಗೆ ಸಾಧ್ಯವಾದಷ್ಟು ನಿಖರವಾದ ಬಗೆಯನ್ನೇ ಆರಿಸುತ್ತಾರೆ ಅಂತ ಆ ಅಧ್ಯಯನದಲ್ಲಿ ಕಂಡಿತು. ಎದುರಿನವರಿಗೆ ಕಡಿಮೆ ಶ್ರಮ ಆಗಲಿ ಅಂತ ಹೀಗೆ ಮಾಡುತ್ತೇವೆ. ಬಾಟ್ ಆರಿಸುವಾಗ ಈ ಮೂರೂ ಬಗೆ ಅದಕ್ಕೆ ಬರುತ್ತವೆಯೇ ನೋಡಿ. "ಕ್ಷಮಿಸಿ, ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ" ಅನ್ನುವುದೊಂದೇ ಗೊತ್ತಿದ್ದರೆ ಮೂರನೇ ಸಲಕ್ಕೆ ಜನ ಫೋನ್ ಇಡುತ್ತಾರೆ.

ಇಲ್ಲಿನ ಕನ್ನಡಕ್ಕೆ ಈ ಗುಣ ಇನ್ನೂ ಜಾಸ್ತಿ ಬೇಕು. ಮುಂಬೈ ಕನ್ನಡಿಗರು ತಾರೀಖನ್ನು ಕನ್ನಡದಲ್ಲಿ, ಮೊಬೈಲ್ ನಂಬರನ್ನು ಇಂಗ್ಲಿಷಿನಲ್ಲಿ, ಬಾಡಿಗೆಯನ್ನು "ಢಾಯಿ ಹಜಾರ್" ಅಂತ ಹಿಂದಿಯಲ್ಲಿ ಹೇಳುವುದುಂಟು. ಮೂರೂ ಒಂದೇ ವಾಕ್ಯದಲ್ಲಿ. ಕರಾವಳಿಯವರ "ಎಂತ ಮಾರಾಯ್ರೆ" ಕೇಳಿ ಮುಗಿಯುವಷ್ಟರಲ್ಲಿ ಸೊಲ್ಲಾಪುರ, ವಿಜಯಪುರ ಕಡೆಯವರ "ಹೌದಲ್ರೀ" ಬರುತ್ತದೆ. ಹಿಂದೆ ಲೋಕಲ್ ರೈಲಿನ ಸದ್ದು ಬೇರೆ. ಯಾವ ಯಂತ್ರಕ್ಕೂ ಇದು ಪೂರ್ತಿ ಹಿಡಿಯುವುದಿಲ್ಲ. ತಪ್ಪು ಕೇಳಿಸಿಕೊಂಡ ಮೇಲೆ ಏನು ಮಾಡುತ್ತದೆ ಅನ್ನುವುದರಲ್ಲೇ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ.

ಭಾಷಾಶಾಸ್ತ್ರದ ದಾರಿಗಳು

ವಿದ್ಯಾರ್ಥಿಗಳು ಮೊದಲು ಎದುರಾಗುವುದು ಮಾತಿನ ಕ್ರಿಯೆಗಳ ಸಿದ್ಧಾಂತಕ್ಕೆ. ತತ್ವಜ್ಞಾನಿ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳು 1962ರಲ್ಲಿ ಪುಸ್ತಕವಾದವು. ಜಾನ್ ಸರ್ಲ್ 1969ರಲ್ಲಿ ಅದನ್ನು ಬೆಳೆಸಿದರು. ಮಾತಾಡುವುದು ಅಂದರೆ ಕೆಲಸ ಮಾಡುವುದು ಅಂತ ಇವರ ವಾದ: ಕೇಳುವುದು, ಒಪ್ಪುವುದು, ಮಾತು ಕೊಡುವುದು, ತಿರಸ್ಕರಿಸುವುದು. "ಹದಿನೈದನೇ ತಾರೀಖು ಹಾಲ್ ಖಾಲಿ ಇದೆಯಾ?" ಅನ್ನುವುದು ರೂಪದಲ್ಲಿ ಪ್ರಶ್ನೆ, ಕೆಲಸದಲ್ಲಿ ಕೋರಿಕೆ. "ಇದೆ" ಅಂತ ಹೇಳಿ ಸುಮ್ಮನಾಗುವ ಬಾಟ್ ವ್ಯಾಕರಣದ ಪ್ರಕಾರ ಸರಿಯಾಗಿಯೇ ಉತ್ತರಿಸಿದೆ. ಆದರೆ ಕೆಲಸ ಆಗಲಿಲ್ಲ, ಅಲ್ವಾ?

ಎಣಿಸಬೇಕು, ಕೋಷ್ಟಕ ಹಾಕಬೇಕು, ಕಂಪ್ಯೂಟರಿಗೆ ಕಲಿಸಬೇಕು ಅಂದರೆ ಈ ದಾರಿ ಒಳ್ಳೆಯದು. ಪ್ರತಿ ಮಾತಿಗೂ ಒಂದು ಹಣೆಪಟ್ಟಿ ಹಚ್ಚಬಹುದು. ಇದಕ್ಕೆ ಐಎಸ್‌ಒ 24617-2 ಅನ್ನುವ ಅಂತರರಾಷ್ಟ್ರೀಯ ಮಾನದಂಡವೂ ಇದೆ. ಹೊಸದಾಗಿ ಪಟ್ಟಿ ಕಟ್ಟುವ ಬದಲು ಅದನ್ನೇ ತೆಗೆದುಕೊಂಡು ಕನ್ನಡಕ್ಕೆ ಬೇಕಾದ್ದನ್ನು ಸೇರಿಸಿ ಅಂತ ನಾನು ಹೇಳುತ್ತೇನೆ. ಒಂದೇ ಮಾತು ಒಮ್ಮೆಗೇ ಎರಡು ಮೂರು ಕೆಲಸ ಮಾಡಬಹುದು ಅಂತ ಆ ಮಾನದಂಡ ಒಪ್ಪುತ್ತದೆ. ನಮ್ಮ "ಹೂಂ, ಹೇಳಿ" ಅದಕ್ಕೆ ಒಳ್ಳೆ ಉದಾಹರಣೆ. ಕೇಳಿಸಿದೆ ಅಂತಲೂ ಆಯಿತು, ಮಾತು ನಿಮ್ಮದೇ ಮುಂದುವರಿಸಿ ಅಂತಲೂ ಆಯಿತು.

ಇನ್ನೊಬ್ಬ ತತ್ವಜ್ಞಾನಿ ಪಾಲ್ ಗ್ರೈಸ್ ಅವರ ದಾರಿ ಬೇರೆ. 1975ರಲ್ಲಿ ಅಚ್ಚಾದ ಅವರ ಪ್ರಬಂಧ ಹೇಳಿದ್ದನ್ನು ಬಿಟ್ಟು ಸೂಚಿಸಿದ್ದನ್ನು ಹಿಡಿಯುತ್ತದೆ. ಬೇಕಾದಷ್ಟೇ ಹೇಳು, ನಿಜ ಹೇಳು, ಸಂಬಂಧಪಟ್ಟದ್ದು ಹೇಳು, ಸ್ಪಷ್ಟವಾಗಿ ಹೇಳು ಎಂಬ ನಾಲ್ಕು ನಿರೀಕ್ಷೆ ಇಬ್ಬರಲ್ಲೂ ಇರುತ್ತದೆ ಅಂತ ಅವರು ತೋರಿಸಿದರು. "ಮದುವೆಗೆ ಬರ್ತೀರಲ್ಲ?" ಅಂದಾಗ "ಆವತ್ತು ಪುಣೆಯಲ್ಲಿ ಒಂದು ಕೆಲಸ ಇದೆ" ಅಂದರೆ ಬರುವುದಿಲ್ಲ ಅಂತಲೇ. ಇದನ್ನು ವಿವರಿಸಲು ಗ್ರೈಸ್ ಬೇಕು. ಆದರೆ ಪ್ರೋಗ್ರಾಂ ಬರೆಯಲು ಅವರ ಸೂತ್ರ ನೇರವಾಗಿ ಒದಗುವುದಿಲ್ಲ. ಬಾಟ್ ಕೊಟ್ಟ ಉತ್ತರವನ್ನು ಆಮೇಲೆ ಪರೀಕ್ಷಿಸಲು ಮಾತ್ರ ಚೆನ್ನಾಗಿ ಒದಗುತ್ತದೆ. ಉದ್ದ ಜಾಸ್ತಿ ಆಯಿತೇ, ಕೇಳದ್ದನ್ನು ಹೇಳಿತೇ ಅಂತ ನೋಡಿದರೆ ಅರ್ಧ ದೋಷಗಳು ಅಲ್ಲೇ ಸಿಗುತ್ತವೆ.

ನನಗೆ ಎಲ್ಲಕ್ಕಿಂತ ಪ್ರೀತಿ ಮೂರನೆಯದರ, ಅಂದರೆ ಸಂಭಾಷಣಾ ವಿಶ್ಲೇಷಣೆಯ ಮೇಲೆ. ಹಾರ್ವಿ ಸ್ಯಾಕ್ಸ್, ಇಮಾನ್ಯುಯೆಲ್ ಶೆಗ್ಲಾಫ್, ಗೇಲ್ ಜೆಫರ್ಸನ್ 1974ರಲ್ಲಿ ಬರೆದ ಲೇಖನ ಮಾತಿನ ಸರದಿ ಹೇಗೆ ಕೈ ಬದಲಾಯಿಸುತ್ತದೆ ಅಂತ ತೋರಿಸಿತು. ಇದೇ ಮೂವರು 1977ರಲ್ಲಿ ಮಾತು ತಪ್ಪಿದಾಗ ಜನ ಹೇಗೆ ಸರಿಪಡಿಸಿಕೊಳ್ಳುತ್ತಾರೆ ಅನ್ನುವುದರ ಬಗ್ಗೆ ಬರೆದರು. ನಾನು ಮೇಲೆ ಹೇಳಿದ ಅಳತೆ ಅಲ್ಲಿಂದಲೇ ಹುಟ್ಟಿದ್ದು. ಈ ವಿಧಾನದಲ್ಲಿ ಊಹೆಗೆ ಜಾಗ ಇಲ್ಲ. ನಿಜವಾದ ಮಾತನ್ನು ಉಸಿರು, ತಡೆ, ಒಬ್ಬರ ಮೇಲೊಬ್ಬರು ಮಾತಾಡಿದ್ದು, ಸೆಕೆಂಡಿನ ಹತ್ತನೇ ಒಂದು ಭಾಗದ ಮೌನ ಸಮೇತ ಬರೆದಿಳಿಸಬೇಕು. ಒಂದು ನಿಮಿಷದ ಮಾತಿಗೆ ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಹಾಗಾಗಿ ಸಾವಿರ ಫೋನುಗಳ ಲೆಕ್ಕ ಹಾಕಲು ಇದು ಆಗುವುದಿಲ್ಲ. ಹತ್ತು ಫೋನುಗಳಲ್ಲಿ ಏನು ನಡೆಯುತ್ತಿದೆ ಅಂತ ನಿಜವಾಗಿ ತಿಳಿಯಲು ಮಾತ್ರ ಇದಕ್ಕೆ ಸಾಟಿ ಇಲ್ಲ. ಬಾಟ್ ಮಾಡಿಸುವ ಸಂಘದವರೂ ಶುರುವಿನಲ್ಲಿ ಹತ್ತೇ ಹತ್ತು ಫೋನುಗಳನ್ನು ಹೀಗೆ ಕೇಳಿ ಅಂತ ನಾನು ಒತ್ತಾಯ ಮಾಡುತ್ತೇನೆ.

ಮನಸ್ಸಿನ ಕಡೆಯಿಂದ ನೋಡಿದರೆ

ಮನೋವಿಜ್ಞಾನದಲ್ಲಿ ಎರಡು ದೊಡ್ಡ ನೋಟಗಳಿವೆ. ಹರ್ಬರ್ಟ್ ಕ್ಲಾರ್ಕ್ ಅವರದು ಮೊದಲನೆಯದು. ಮಾತುಕತೆ ಇಬ್ಬರೂ ಸೇರಿ ಮಾಡುವ ಕೆಲಸ, ಪ್ರತಿ ಮಾತೂ ಎದುರಿನವರಿಗೆ ತಲುಪಿತು ಅಂತ ಖಾತ್ರಿ ಆದಮೇಲೇ ಮುಂದಿನ ಹೆಜ್ಜೆ ಅಂತ ಅವರ ನಿಲುವು. 1986ರಲ್ಲಿ ಕ್ಲಾರ್ಕ್ ಮತ್ತು ಡೀನಾ ವಿಲ್ಕ್ಸ್-ಗಿಬ್ಸ್ ಒಂದು ಪ್ರಯೋಗ ಪ್ರಕಟಿಸಿದರು. ಇಬ್ಬರ ಮುಂದೆಯೂ ವಿಚಿತ್ರ ಆಕಾರದ 12 ಚಿತ್ರಗಳು. ಒಬ್ಬರಿಗೆ ಇನ್ನೊಬ್ಬರ ಚಿತ್ರ ಕಾಣುವುದಿಲ್ಲ. ಒಬ್ಬರು ವಿವರಿಸಬೇಕು, ಇನ್ನೊಬ್ಬರು ಅದೇ ಕ್ರಮದಲ್ಲಿ ಜೋಡಿಸಬೇಕು. ಮೊದಲ ಸುತ್ತಿನಲ್ಲಿ ಒಂದು ಚಿತ್ರಕ್ಕೆ ಸರಾಸರಿ 41 ಪದ ಬೇಕಾಯಿತು. ಆರನೇ ಸುತ್ತಿಗೆ 8 ಪದ ಸಾಕಾಯಿತು. ಅಷ್ಟರಲ್ಲಿ ಇಬ್ಬರ ನಡುವೆ ಪ್ರತಿ ಚಿತ್ರಕ್ಕೂ ಒಂದು ಹೆಸರು ಒಪ್ಪಂದವಾಗಿತ್ತು.

ಎರಡನೆಯದು ಮಾರ್ಟಿನ್ ಪಿಕರಿಂಗ್ ಮತ್ತು ಸೈಮನ್ ಗ್ಯಾರಡ್ 2004ರಲ್ಲಿ ಮುಂದಿಟ್ಟದ್ದು. ಅವರ ಪ್ರಕಾರ ಇಬ್ಬರೂ ಅಷ್ಟೆಲ್ಲ ಲೆಕ್ಕ ಹಾಕುವುದಿಲ್ಲ. ಒಬ್ಬರು ಬಳಸಿದ ಪದ, ವಾಕ್ಯದ ಅಚ್ಚು ಇನ್ನೊಬ್ಬರ ಬಾಯಿಗೆ ತಾನಾಗಿಯೇ ಬರುತ್ತದೆ. ಹೀಗೆ ಪದದಿಂದ ಶುರುವಾಗಿ ಅರ್ಥದವರೆಗೂ ಇಬ್ಬರೂ ಹೊಂದಿಕೊಳ್ಳುತ್ತಾ ಹೋಗುತ್ತಾರೆ.

ಯಾವುದು ಸರಿ ಅಂತ ಜಗಳ ಹಚ್ಚುವುದಕ್ಕಿಂತ ಯಾವುದು ಎಲ್ಲಿ ಒದಗುತ್ತದೆ ನೋಡಿ. ಫೋನ್ ಬಾಟ್ ಕಟ್ಟುವಾಗ ಎರಡನೆಯದು ತಕ್ಷಣ ಉಪಯೋಗಕ್ಕೆ ಬರುತ್ತದೆ. ಜನ ಕಂಪ್ಯೂಟರ್ ಜೊತೆಗೂ ಹೀಗೇ ಹೊಂದಿಕೊಳ್ಳುತ್ತಾರೆ. ಎದುರಿಗಿರುವುದು ಸಾಧಾರಣ ಯಂತ್ರ ಅಂದುಕೊಂಡಾಗಲಂತೂ ಅದರ ಪದಗಳನ್ನೇ ಜಾಸ್ತಿ ಬಳಸುತ್ತಾರೆ. ಬಾಟ್ "ಅಡ್ವಾನ್ಸ್ ಎಷ್ಟು ಕೊಡ್ತೀರಿ?" ಅಂದರೆ ಜನರೂ ಅಡ್ವಾನ್ಸ್ ಅನ್ನುತ್ತಾರೆ. "ಮುಂಗಡ ಮೊತ್ತ" ಅಂದರೆ ಒಂದು ಕ್ಷಣ ತಡವರಿಸುತ್ತಾರೆ. ಆದ್ದರಿಂದ ಯಂತ್ರಕ್ಕೆ ಕೇಳಿಸಬೇಕಾದ ಪದವನ್ನು ಮೊದಲು ಯಂತ್ರದ ಬಾಯಲ್ಲೇ ಹೇಳಿಸಿ. ಮಕ್ಕಳ ಜೊತೆ, ಹಿರಿಯರ ಜೊತೆ, ಮಾತು ದಿನಗಟ್ಟಲೆ ಮುಂದುವರಿಯುವ ಕಡೆ ಕ್ಲಾರ್ಕ್ ಬೇಕು. ನಿನ್ನೆ ಒಪ್ಪಂದವಾದ ಹೆಸರು ಇವತ್ತು ನೆನಪಿರದ ಬಾಟ್ ಜೊತೆ ಯಾರಿಗೂ ಸಲುಗೆ ಬೆಳೆಯುವುದಿಲ್ಲ.

ವೇಗದ ಬಗ್ಗೆಯೂ ಒಂದು ಮಾತು. ತಾನ್ಯಾ ಸ್ಟಿವರ್ಸ್ ಮತ್ತು ಜೊತೆಗಾರರು 2009ರಲ್ಲಿ 10 ಭಾಷೆಗಳನ್ನು ಹೋಲಿಸಿದರು. ಹೌದು-ಅಲ್ಲ ಪ್ರಶ್ನೆಗೆ ಉತ್ತರ ಬರುವ ಮುಂಚಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗ, ಅಂದರೆ ಸುಮಾರು 200 ಮಿಲಿಸೆಕೆಂಡ್. ಆದರೆ ಒಂದು ಚಿತ್ರ ನೋಡಿ ಅದರ ಹೆಸರು ಹೇಳಲೇ ನಮಗೆ ಸುಮಾರು 600 ಮಿಲಿಸೆಕೆಂಡ್ ಬೇಕು. ಅಂದರೆ ಎದುರಿನವರು ಮುಗಿಸುವ ಮೊದಲೇ ನಾವು ಉತ್ತರ ತಯಾರಿ ಮಾಡಿಕೊಳ್ಳುತ್ತಿರುತ್ತೇವೆ. ಆ 10ರಲ್ಲಿ ಭಾರತದ ಭಾಷೆ ಒಂದೂ ಇರಲಿಲ್ಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ, ಮಾಡಿದ್ದೋ ಮಾಡುವುದೋ ಎಲ್ಲ ಅಲ್ಲೇ ತಿಳಿಯಬೇಕು. ಹಾಗಿದ್ದರೆ ಕನ್ನಡಿಗರು ಯಾವಾಗ ಉತ್ತರ ಕಟ್ಟಲು ಶುರು ಮಾಡುತ್ತಾರೆ? ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗೆ ಇದು ಕೈಗೆಟಕುವ, ಬೆಲೆಬಾಳುವ ಪ್ರಶ್ನೆ.

ಕಂಪ್ಯೂಟರ್ ಕಡೆ

ಇಲ್ಲಿ ಆಯ್ಕೆ ಜಾಸ್ತಿ, ಗೊಂದಲವೂ ಜಾಸ್ತಿ.

ಹಳೆಯ ಎರಡು ಪ್ರೋಗ್ರಾಂಗಳಿಂದ ಶುರು ಮಾಡುತ್ತೇನೆ. ಎರಡೂ ಅಮೆರಿಕದ ಎಂಐಟಿಯಲ್ಲೇ ಹುಟ್ಟಿದವು. ಜೋಸೆಫ್ ವೈಜನ್‌ಬಾಮ್ 1966ರಲ್ಲಿ ಪ್ರಕಟಿಸಿದ ಎಲೈಜಾ ಮನೋಚಿಕಿತ್ಸಕರ ಹಾಗೆ ಮಾತಾಡುತ್ತಿತ್ತು. ಒಳಗೆ ಇದ್ದದ್ದು ಪದ ಹುಡುಕಿ ವಾಕ್ಯ ತಿರುಗಿಸುವ ನಿಯಮಗಳು ಮಾತ್ರ. ಪರಿಚಿತ ಪದ ಸಿಗದಿದ್ದರೆ "ದಯವಿಟ್ಟು ಮುಂದುವರಿಸಿ" ಅನ್ನುತ್ತಿತ್ತು. ಅದಾದ ಕೆಲವೇ ವರ್ಷಗಳಲ್ಲಿ ಟೆರಿ ವಿನೊಗ್ರಾಡ್ ಮಾಡಿದ ಎಸ್‌ಎಚ್‌ಆರ್‌ಡಿಎಲ್‌ಯು ಅನ್ನುವ ಪ್ರೋಗ್ರಾಂಗೆ ಪರದೆಯ ಮೇಲಿನ ಬಣ್ಣದ ಗಟ್ಟಿಗಳು ಬಿಟ್ಟರೆ ಜಗತ್ತಿನಲ್ಲಿ ಬೇರೇನೂ ಗೊತ್ತಿರಲಿಲ್ಲ. ಆದರೆ "ಪಿರಮಿಡ್ ಹಿಡಿ" ಅಂದರೆ, ಇರುವ ಪಿರಮಿಡ್‌ಗಳಲ್ಲಿ ಯಾವುದು ಅಂತ ಅರ್ಥವಾಗಲಿಲ್ಲ ಅಂತ ಹೇಳುತ್ತಿತ್ತು. ಮೊದಲನೆಯದು ಅರ್ಥವಾಗದ್ದನ್ನು ಮುಚ್ಚಿಟ್ಟಿತು. ಎರಡನೆಯದು ಎಲ್ಲಿ ಅರ್ಥವಾಗಲಿಲ್ಲ ಅಂತ ಬೊಟ್ಟು ಮಾಡಿ ತೋರಿಸಿತು. ಇವತ್ತಿನ ಯಾವ ಬಾಟ್ ನೋಡಿದರೂ ಈ ಎರಡು ಕುಲಗಳಲ್ಲಿ ಯಾವುದಕ್ಕೆ ಸೇರಿದ್ದು ಅಂತ ಮೊದಲು ಕೇಳಿ.

ಕೆಲಸದ ಬಾಟ್‌ಗಳಿಗೆ ಇವತ್ತಿಗೂ ಗಟ್ಟಿಯಾದ ಅಡಿಪಾಯ ಖಾನೆ ತುಂಬಿಸುವ ವಿಧಾನ. 1977ರಲ್ಲಿ ಡೇನಿಯಲ್ ಬೊಬ್ರೊ ಮತ್ತು ಜೊತೆಗಾರರು ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಮಾಡಿದ ಗಸ್ ಅನ್ನುವ ಪ್ರೋಗ್ರಾಂ, ಕ್ಯಾಲಿಫೋರ್ನಿಯಾದ ಒಂದು ಊರಿಗೆ ಹೋಗಿಬರುವ ವಿಮಾನ ಟಿಕೆಟ್ ವಿಚಾರ ಮಾತ್ರ ಮಾತಾಡುತ್ತಿತ್ತು. ಊರು, ದಿನ, ಸಮಯ ಅಂತ ಖಾನೆಗಳು. ಖಾಲಿ ಇರುವ ಖಾನೆಗೆ ತಕ್ಕ ಪ್ರಶ್ನೆ. ನಮ್ಮ ಹಾಲ್ ಬುಕಿಂಗಿಗೂ ಇದು ಸರಿಯಾಗಿ ಕೂರುತ್ತದೆ: ಯಾವ ದಿನ, ಬೆಳಿಗ್ಗೆಯೋ ಸಂಜೆಯೋ, ಎಷ್ಟು ಜನ, ಊಟ ಇದೆಯೇ, ಯಾರ ಹೆಸರು, ಯಾವ ನಂಬರ್. ಯಾವ ಖಾನೆ ಅನುಮಾನ ಅನ್ನುವುದು ಯಂತ್ರಕ್ಕೆ ಗೊತ್ತಿರುವುದರಿಂದ ಅದನ್ನಷ್ಟೇ ಮತ್ತೆ ಕೇಳಬಲ್ಲದು. "ಭಾನುವಾರ ಸಂಜೆ, ಇನ್ನೂರು ಜನ, ಸರಿನಾ?" ಅಂತ ಖಾತ್ರಿ ಮಾಡಿಕೊಳ್ಳಬಲ್ಲದು. ನನ್ನ ಅಳತೆಯಲ್ಲಿ ಇದಕ್ಕೆ ಮೊದಲ ಸ್ಥಾನ.

ಸೋಲುವುದು ಎಲ್ಲಿ ಅಂದರೆ, ಮನುಷ್ಯರು ಖಾನೆಗಳ ಕ್ರಮದಲ್ಲಿ ಮಾತಾಡುವುದಿಲ್ಲ. "ಶನಿವಾರ ಬೇಡ, ಭಾನುವಾರ ಆದ್ರೆ ಬೆಳಿಗ್ಗೆನೇ ಆಗ್ಬೇಕು, ಅಡುಗೆಯವ್ರು ನಮ್ಮವ್ರೇ, ಆದ್ರೆ ಪಾತ್ರೆ ನಿಮ್ಮದು ಸಿಗುತ್ತಾ?" ಅಂದಾಗ ಹಳೆಯ ನಿಯಮಗಳು ತತ್ತರಿಸುತ್ತವೆ.

ಮಧ್ಯದ ಎರಡು ಘಟ್ಟಗಳನ್ನು ಬೇಗ ದಾಟುತ್ತೇನೆ. ಸ್ಟೀವ್ ಯಂಗ್ ಮತ್ತು ಜೇಸನ್ ವಿಲಿಯಮ್ಸ್ 2007ರಲ್ಲಿ ವಿವರಿಸಿದ ಸಂಭವನೀಯತೆಯ ವಿಧಾನ ತತ್ವದಲ್ಲಿ ಬಹಳ ಚೆಂದ. ಯಂತ್ರ ಒಂದೇ ಅರ್ಥಕ್ಕೆ ಅಂಟಿಕೊಳ್ಳದೆ "ಭಾನುವಾರ ಇರಬಹುದು, ಬುಧವಾರವೂ ಇರಬಹುದು" ಅಂತ ಎರಡನ್ನೂ ತೂಗಿಟ್ಟುಕೊಳ್ಳುತ್ತದೆ. ಆದರೆ ಅದನ್ನು ತರಬೇತಿ ಮಾಡಲು ಅಪಾರ ಮಾತುಕತೆಗಳು ಬೇಕು. ಸಣ್ಣ ಸಂಘದ ಕೈಗೆ ಅದು ಎಟಕುವುದಿಲ್ಲ. 2015ರಲ್ಲಿ ಓರಿಯಲ್ ವಿನ್ಯಾಲ್ಸ್ ಮತ್ತು ಕ್ವಾಕ್ ಲೆ ಸಿನಿಮಾ ಸಬ್‌ಟೈಟಲ್‌ಗಳಿಂದ ಕಲಿತು ಉತ್ತರಿಸುವ ನರಜಾಲ (ಮೆದುಳಿನ ನರಗಳ ಜಾಲದ ಮಾದರಿಯಲ್ಲಿ ಕಟ್ಟಿದ, ಉದಾಹರಣೆಗಳಿಂದ ಕಲಿಯುವ ಪ್ರೋಗ್ರಾಂ) ಮಾಡಿದರು. ಆ ಬಗೆಯ ಮಾಡೆಲ್‌ಗಳು ಯಾವ ಪ್ರಶ್ನೆಗೂ "ನನಗೆ ಗೊತ್ತಿಲ್ಲ" ಅನ್ನುವಂಥ ಸಪ್ಪೆ ಉತ್ತರಕ್ಕೆ ಜಾರುತ್ತಿದ್ದವು. ಎಲ್ಲ ಪ್ರಶ್ನೆಗೂ ಹೊಂದುವ ಉತ್ತರಕ್ಕೇ ಅಂಕ ಜಾಸ್ತಿ ಸಿಗುತ್ತಿತ್ತು, ಅದೇ ಕಾರಣ.

ಈಗ ಎಲ್ಲರ ಬಾಯಲ್ಲಿರುವುದು ದೊಡ್ಡ ಭಾಷಾ ಮಾಡೆಲ್‌ಗಳು, ಅಂದರೆ ಅಪಾರ ಬರಹದಿಂದ ಕಲಿತು ಮುಂದಿನ ಪದ ಊಹಿಸುತ್ತಾ ಉತ್ತರ ಕಟ್ಟುವ ಪ್ರೋಗ್ರಾಂಗಳು. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಬಾಟ್ ಅಂದರೆ ಇದೇ ಅನ್ನುವಂತಾಗಿದೆ. ಇವುಗಳ ಶಕ್ತಿ ನಿಜವಾದದ್ದು. ಮೇಲಿನ ಪಾತ್ರೆ-ಅಡುಗೆ ವಾಕ್ಯವನ್ನು ಇವು ಬಿಡಿಸಿ ಕೊಡುತ್ತವೆ. ಮರಾಠಿ ಬೆರೆತರೂ ತಡೆದುಕೊಳ್ಳುತ್ತವೆ.

ನನ್ನ ಅಳತೆ ಹಿಡಿದಾಗ ಮಾತ್ರ ಚಿತ್ರ ಬದಲಾಗುತ್ತದೆ. ಇವು ತಿರುಗಿ ಕೇಳುವುದು ಕಡಿಮೆ. ಅರ್ಧ ಪ್ರಶ್ನೆಗೂ ಪೂರ್ತಿ ಉತ್ತರ ಕೊಟ್ಟುಬಿಡುತ್ತವೆ. "ಹಾಲ್ ಬಾಡಿಗೆ ಎಷ್ಟು?" ಅಂದರೆ ಯಾವ ಹಾಲ್, ಯಾವ ದಿನ ಅಂತ ವಿಚಾರಿಸದೆ ಒಂದು ಮೊತ್ತ ಹೇಳುವ ಅಪಾಯ ಇದೆ, ಅದೂ ಬಹಳ ವಿನಯದಿಂದ. ಎಲೈಜಾ ಮುಚ್ಚಿಟ್ಟಿದ್ದನ್ನೇ ಇವು ಇನ್ನೂ ಸುಂದರವಾಗಿ ಮುಚ್ಚಿಡುತ್ತವೆ. ಮಾತು ಎಷ್ಟು ನಯವೋ ತಪ್ಪು ಹಿಡಿಯುವುದು ಅಷ್ಟೇ ಕಷ್ಟ.

ಕನ್ನಡದ್ದೇ ಆದ ತೊಂದರೆಗಳೂ ಇವೆ. ಒಂದೇ ಉತ್ತರದಲ್ಲಿ "ನೀವು" ಅಂತ ಶುರುವಾಗಿ "ನಿನ್ನ" ಅಂತ ಮುಗಿಯಬಹುದು. ಎಪ್ಪತ್ತು ದಾಟಿದ ಮಾಮಿಗೆ ಅದು ಚುಚ್ಚುತ್ತದೆ. ಕನ್ನಡ ಗ್ರಾಂಥಿಕವಾಗುತ್ತದೆ, ಫೋನಿನಲ್ಲಿ ಸರ್ಕಾರಿ ಸುತ್ತೋಲೆ ಓದಿದಂತೆ ಕೇಳುತ್ತದೆ. ಖರ್ಚಿನ ಲೆಕ್ಕವೂ ಬೇರೆ. ಇಂಗ್ಲಿಷಿನ ಒಂದು ಅಕ್ಷರ ಕಂಪ್ಯೂಟರಿನಲ್ಲಿ 1 ಬೈಟ್ ಆದರೆ, ಕನ್ನಡದ ಒಂದೊಂದು ಚಿಹ್ನೆ, ಅಕ್ಷರ ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ, 3 ಬೈಟ್. ಮಾಡೆಲ್‌ಗಳು ಬರಹವನ್ನು ಸಣ್ಣ ತುಂಡುಗಳಾಗಿ (ಟೋಕನ್) ಒಡೆದು ಓದುತ್ತವೆ, ಹಲವು ಮಾಡೆಲ್‌ಗಳು ಕನ್ನಡ ಪದವನ್ನು ಇಂಗ್ಲಿಷಿಗಿಂತ ಜಾಸ್ತಿ ತುಂಡು ಮಾಡುತ್ತವೆ. ಬಿಲ್ ಬರುವುದು ತುಂಡುಗಳ ಲೆಕ್ಕದಲ್ಲಿ. ಆದ್ದರಿಂದ ಇಂಗ್ಲಿಷ್ ಡೆಮೊದ ದರ ನೋಡಿ ಬಜೆಟ್ ಹಾಕಬೇಡಿ. ನಿಮ್ಮದೇ ಕನ್ನಡ ವಾಕ್ಯಗಳನ್ನು ಕೊಟ್ಟು ಲೆಕ್ಕ ತೆಗೆಸಿ.

ಹಾಗಾದರೆ ಯಾರಿಗೆ ಯಾವುದು?

ಹಾಲ್ ಬುಕಿಂಗ್, ಮೆಸ್ಸಿನ ಊಟದ ಆರ್ಡರ್, ಸದಸ್ಯತ್ವ ನವೀಕರಣ ಇಂಥವಕ್ಕೆ ಬೆರಕೆ ದಾರಿ ಹಿಡಿಯಿರಿ. ಮಾತು ಬಿಡಿಸಿಕೊಳ್ಳುವ ಕೆಲಸ ಭಾಷಾ ಮಾಡೆಲ್‌ಗೆ ಕೊಡಿ. ತೀರ್ಮಾನ ಖಾನೆಗಳ ಕೈಯಲ್ಲಿ ಇರಲಿ. ಬಾಡಿಗೆ, ತಾರೀಖು, ಲಭ್ಯತೆ ಮೂರನ್ನೂ ಸಂಘದ ರಿಜಿಸ್ಟರಿನಿಂದಲೇ ತೆಗೆಯಬೇಕು, ಮಾಡೆಲ್ ತಾನಾಗಿ ಹೇಳಬಾರದು. ಫೋನ್ ನಂಬರನ್ನು ಬಾಯಲ್ಲಿ ಕೇಳುವುದಕ್ಕಿಂತ ಬಟನ್ ಒತ್ತಿಸಿ. ಎರಡು ಸಲ ತಿರುಗಿ ಕೇಳಿಯೂ ಅರ್ಥವಾಗದಿದ್ದರೆ ಮನುಷ್ಯರಿಗೆ ಕರೆ ದಾಟಿಸಿ. ಈ ಕೊನೆಯದಕ್ಕೆ ಒಪ್ಪದ ಮಾರಾಟಗಾರರನ್ನು ಬಿಟ್ಟುಬಿಡಿ.

ಮಾತನ್ನು ಬರಹ ಮಾಡುವ ತಂತ್ರಾಂಶದ ಆಯ್ಕೆಯೂ ಇಲ್ಲಿ ಮುಖ್ಯ. ಭಾರತ ಸರ್ಕಾರ 2022ರಲ್ಲಿ ಶುರು ಮಾಡಿದ, ಭಾರತೀಯ ಭಾಷೆಗಳ ತಂತ್ರಾಂಶ ವೇದಿಕೆ ಭಾಷಿಣಿ, ಮದ್ರಾಸ್ ಐಐಟಿಯ ಎಐ4ಭಾರತ್ ತಂಡದ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಮಾಡೆಲ್‌ಗಳು ಕನ್ನಡಕ್ಕೆ ಸಿಗುತ್ತವೆ. ವಿದೇಶಿ ಕಂಪನಿಗಳದ್ದೂ ಇವೆ. ಕಚೇರಿಯ ಮೈಕಿನಲ್ಲಿ ಪರೀಕ್ಷೆ ಮಾಡಬೇಡಿ. ಹಲವು ಫೋನ್ ಕರೆಗಳಲ್ಲಿ ಧ್ವನಿಯನ್ನು ಸೆಕೆಂಡಿಗೆ 8,000 ಸಲವಷ್ಟೇ ಅಳೆದು ಕಳಿಸಲಾಗುತ್ತದೆ, ಎತ್ತರದ ಸ್ವರಗಳೆಲ್ಲ ಕತ್ತರಿಸಿ ಹೋಗಿರುತ್ತವೆ. ದಾದರ್ ಸ್ಟೇಷನ್ನಿನಲ್ಲಿ ನಿಂತು ಫೋನ್ ಮಾಡಿಸಿ ನೋಡಿ.

ಮಕ್ಕಳ ಕನ್ನಡ ಅಭ್ಯಾಸಕ್ಕೆ ಭಾಷಾ ಮಾಡೆಲ್ಲೇ ಒಳ್ಳೆಯದು. ಇಲ್ಲಿ ತಪ್ಪಿನ ಬೆಲೆ ಕಡಿಮೆ, ಮಾತಿನ ಹರವು ಮುಖ್ಯ. ಥಾಣೆಯಲ್ಲಿ ಬೆಳೆದ ಹುಡುಗ "ನಾನು ನಿನ್ನೆ ಆಡಲಿಕ್ಕೆ ಹೋಗ್ತೇನೆ" ಅಂದರೆ "ತಪ್ಪು, ಹೋಗಿದ್ದೆ ಅನ್ನಬೇಕು" ಅಂತ ಬಾಟ್ ಪಾಠ ಮಾಡಬಾರದು. "ಓ, ನಿನ್ನೆ ಆಡಲಿಕ್ಕೆ ಹೋಗಿದ್ದೆಯಾ? ಯಾರ ಜೊತೆ?" ಅನ್ನಬೇಕು. ಮನೆಯ ಹಿರಿಯರು ತಿದ್ದುವ ರೀತಿಯೇ ಅದು. ಸರಿಯಾದ ರೂಪವೂ ಕಿವಿಗೆ ಬಿತ್ತು, ಮಾತೂ ನಿಲ್ಲಲಿಲ್ಲ. ಈ ಸೂಚನೆಯನ್ನು ಮಾಡೆಲ್‌ಗೆ ನಾವೇ ಬರೆದು ಕೊಡಬೇಕು. ಮನೆಯ ಕನ್ನಡ ಉಡುಪಿಯದೋ ಧಾರವಾಡದ್ದೋ ಅಂತಲೂ ಮೊದಲೇ ತಿಳಿಸಿ, ನಾಲ್ಕಾರು ಮಾದರಿ ಮಾತುಗಳನ್ನು ಕೊಡಿ. ಇಲ್ಲದಿದ್ದರೆ ಮಗು ಅಜ್ಜಿಗೆ ಪರಿಚಯವೇ ಇಲ್ಲದ ಕನ್ನಡ ಕಲಿಯುತ್ತದೆ. ವಾರಕ್ಕೊಮ್ಮೆ ದೊಡ್ಡವರು ಕೂತು ಆ ಮಾತುಕತೆ ಓದಬೇಕು. ಅದಕ್ಕೆ ಪುರುಸೊತ್ತು ಇಲ್ಲದ ಮನೆಗೆ ಬಾಟ್‌ಗಿಂತ ಅಜ್ಜಿಗೆ ದಿನಾ ಒಂದು ವೀಡಿಯೊ ಕಾಲ್ ಮೇಲು.

ಒಬ್ಬರೇ ಇರುವ ಹಿರಿಯರ ಜೊತೆಗಾರನಾಗಿ ಬಾಟ್ ಬೇಡ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಎಲೈಜಾ ಹೇಗೆ ತಯಾರಾಯಿತು ಅಂತ ತಿಂಗಳುಗಟ್ಟಲೆ ನೋಡಿದ್ದ ವೈಜನ್‌ಬಾಮ್ ಅವರ ಕಾರ್ಯದರ್ಶಿಯೇ, ಅದರ ಜೊತೆ ಮಾತಾಡುವಾಗ ನೀವು ಕೋಣೆಯಿಂದ ಹೊರಗೆ ಹೋಗಿ ಅಂದರಂತೆ. ವೈಜನ್‌ಬಾಮ್ ಇದನ್ನು 1976ರಲ್ಲಿ ಬಹಳ ಆತಂಕದಿಂದ ಬರೆದರು. ಅದು ಕೆಲವೇ ನಿಯಮಗಳ ಪ್ರೋಗ್ರಾಂ. ಇವತ್ತಿನವು ಎಷ್ಟೋ ಪಾಲು ಮನವೊಲಿಸುವಂಥವು. "ಎದೆ ಸ್ವಲ್ಪ ಹಿಡಿದ ಹಾಗಿದೆ" ಅಂತ ಅಪ್ಪ ಹೇಳಿದಾಗ ಅದು ಮಾತಿನ ರೂಢಿಯೋ ಆಸ್ಪತ್ರೆಗೆ ಓಡಬೇಕಾದ ಹೊತ್ತೋ ಅಂತ ತಿರುಗಿ ಕೇಳಿ ತಿಳಿಯುವವರು ಬೇಕು. ಮಾತ್ರೆ ನೆನಪಿಸಲು ಯಂತ್ರ ಇರಲಿ. ಮಾತಿಗೆ ನಾವೇ ಹೋಗಬೇಕು.

ಸಂಶೋಧನೆ ಮಾಡುವವರಿಗೆ ಬಾಟ್‌ಗಿಂತ ಮೊದಲು ಕನ್ನಡ ಮಾತಿನ ಸಂಗ್ರಹ ಬೇಕು. ಸ್ಕಾಟ್ಲೆಂಡಿನಲ್ಲಿ ಮಾಡಿದ ಮ್ಯಾಪ್ ಟಾಸ್ಕ್ ಒಳ್ಳೆಯ ಮಾದರಿ. ಇಬ್ಬರ ಕೈಯಲ್ಲಿ ಎರಡು ನಕ್ಷೆ. ಒಬ್ಬರದರಲ್ಲಿ ಮಾತ್ರ ದಾರಿ ಗುರುತಾಗಿದೆ. ಅವರು ಹೇಳಿದ ದಾರಿಯನ್ನು ಇನ್ನೊಬ್ಬರು ತಮ್ಮ ನಕ್ಷೆಯಲ್ಲಿ ಬರೆಯಬೇಕು. ಕೆಲವು ಗುರುತುಗಳು ಎರಡರಲ್ಲಿ ಬೇಕೆಂದೇ ಬೇರೆ ಬೇರೆ. ಹೀಗೆ 128 ಸಂಭಾಷಣೆ ಸಂಗ್ರಹವಾಯಿತು. ಮಾಟುಂಗಾದ ಬೀದಿಗಳ ನಕ್ಷೆ ಎರಡು ಬರೆದು, ಮುಂಬೈಯಲ್ಲೇ ಹುಟ್ಟಿದ ಕನ್ನಡಿಗರೊಬ್ಬರನ್ನೂ ಈಚೆಗೆ ಊರಿಂದ ಬಂದವರೊಬ್ಬರನ್ನೂ ಕೂರಿಸಿದರೆ, ಕನ್ನಡಿಗರು ಮರಾಠಿ ಹಿಂದಿ ಬೆರೆಸಿ ಹೇಗೆ ತಪ್ಪು ತಿದ್ದಿಕೊಳ್ಳುತ್ತಾರೆ ಅಂತ ಕಣ್ಣಿಗೆ ಕಾಣುತ್ತದೆ. ಹಣೆಪಟ್ಟಿ ಹಚ್ಚುವ ಕೆಲಸಕ್ಕೆ ಭಾಷಾ ಮಾಡೆಲ್ ನೆರವು ಪಡೆಯಬಹುದು. ಆದರೆ ಸಂಭಾಷಣೆಯನ್ನೇ ಮಾಡೆಲ್‌ನಿಂದ ಹುಟ್ಟಿಸಿ "ಕನ್ನಡಿಗರು ಹೀಗೆ ಮಾತಾಡುತ್ತಾರೆ" ಅಂತ ಬರೆಯಬೇಡಿ. ಅದರಲ್ಲಿ ಸಿಗುವುದು ಮಾಡೆಲ್‌ನ ರೂಢಿ, ನಮ್ಮದಲ್ಲ.

ದುಡ್ಡು ಕೊಡುವ ಮುಂಚೆ

ಕಟ್ಟಿಸುವ ಮೊದಲು ಒಂದು ಹಳೆಯ ಉಪಾಯ ಮಾಡಿ. ಪರದೆಯ ಹಿಂದೆ ಮನುಷ್ಯರೊಬ್ಬರನ್ನು ಕೂರಿಸಿ ಯಂತ್ರದ ಹಾಗೆ ಉತ್ತರ ಟೈಪ್ ಮಾಡಿಸುವುದು. ಕೇಂಬ್ರಿಜ್‌ನ ಮಲ್ಟಿವಾಜ್ ಅನ್ನುವ ದೊಡ್ಡ ಸಂಗ್ರಹ, ಸುಮಾರು 10,000 ಸಂಭಾಷಣೆ, 2018ರಲ್ಲಿ ಹೊರಬಂದಿದ್ದು ಇದೇ ಕ್ರಮದಲ್ಲಿ. ಸಂಘದ ಇಬ್ಬರು ಸ್ವಯಂಸೇವಕರು ಒಂದು ಭಾನುವಾರ ಕೂತರೆ ಜನ ಏನೇನು ಕೇಳುತ್ತಾರೆ ಅಂತ ಗೊತ್ತಾಗುತ್ತದೆ. ರೆಕಾರ್ಡ್ ಮಾಡುತ್ತಿದ್ದೇವೆ, ಇಂಥದ್ದಕ್ಕೆ ಬಳಸುತ್ತೇವೆ ಅಂತ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮುಖ್ಯವಾಗಿ ಒಪ್ಪಿಗೆಯ ಮೇಲೆ ನಿಂತಿದೆ.

ಮಾರಾಟಗಾರರು ತೋರಿಸುವ ಅಂಕಗಳಿಗೆ ಜಾಸ್ತಿ ಬೆಲೆ ಕೊಡಬೇಡಿ. ಸಿದ್ಧ ಉತ್ತರದ ಜೊತೆ ಪದ ಹೊಂದಿಸಿ ಕೊಡುವ ಅಂಕಕ್ಕೂ ಮನುಷ್ಯರ ಮೆಚ್ಚುಗೆಗೂ ಸಂಬಂಧ ಬಹಳ ತೆಳು ಅಂತ 2016ರಲ್ಲೇ ತೋರಿಸಲಾಗಿದೆ. ಡೆಮೊದ ದಿನ ಸಂಘದ ಹಿರಿಯರೊಬ್ಬರನ್ನು, ಒಂದು ಮಗುವನ್ನು ಕರೆದುಕೊಂಡು ಹೋಗಿ. ಅವರ ಕೈಗೆ ಫೋನ್ ಕೊಡಿ. ವಾಕ್ಯ ಅರ್ಧಕ್ಕೆ ಬಿಡಲಿ. ಶನಿವಾರ ಅಂದು ಆಮೇಲೆ ಭಾನುವಾರ ಅನ್ನಲಿ. ಬಾಟ್ ಮಾತಾಡುತ್ತಿರುವಾಗಲೇ "ಆಂ? ಏನಂದ್ರಿ?" ಅನ್ನಲಿ. ಹತ್ತು ಸೆಕೆಂಡ್ ಸುಮ್ಮನಿರಲಿ. "ಆ ಹಿಂದಿನ ಸಲದ್ದೇ ಹಾಲ್" ಅನ್ನಲಿ. ಪ್ರತಿ ಸಲವೂ ಬಾಟ್ ಏನು ತಿರುಗಿ ಕೇಳಿತು ಅಂತ ಒಬ್ಬರು ಬರೆದುಕೊಳ್ಳಿ. ಆಮೇಲೆ ಮಾರಾಟಗಾರರ ಹತ್ತಿರ, ಹೆಸರು ನಂಬರುಗಳನ್ನು ಅಳಿಸಿದ, ಬೇರೆ ಗಿರಾಕಿಗಳ ಕೆಟ್ಟುಹೋದ ಕರೆಗಳ ಬರಹ ಕೇಳಿ. ಗೆದ್ದ ಕರೆಗಳನ್ನು ಎಲ್ಲರೂ ತೋರಿಸುತ್ತಾರೆ. ಕೆಟ್ಟ ಕರೆಗಳನ್ನು ಜೋಪಾನವಾಗಿ ಇಟ್ಟು ದಿನಾ ಓದುವವರ ಜೊತೆ ಮಾತ್ರ ಒಪ್ಪಂದಕ್ಕೆ ಸಹಿ ಹಾಕಿ.